ತಾರೀಕು ತಪ್ಪಿಸಿದ್ದು ಯಾರು?

(ರಾಯಚೂರಿನಲ್ಲಿ ಸೇರಿದ್ದ ದೇವದುರ್ಗ, ಮಾನ್ವಿ ತಾಲ್ಲೂಕುಗಳ ಸಂಘದ ಮಹಿಳೆಯರ ಸಭೆಯಲ್ಲಿ ಆಡಿದ ಮಾತು)



ನಾನು ವಕೀಲಳಲ್ಲ, ನಿಮ್ಮ ಹಾಗೇ ಸಂಘದವಳು. ಹೊಡೆತ ತಿಂದು ತವರಿಗೆ ಬಂದ ಹೆಣ್ಣುಮಕ್ಕಳ ಜೊತೆ ಕೋರ್ಟಿನಲ್ಲಿ ಕೂತು ಕಲಿತದ್ದನ್ನು ಹೇಳುತ್ತೇನೆ.

ದೇವದುರ್ಗ ಕಡೆಯ ಒಬ್ಬ ತಂಗಿ. ವರದಕ್ಷಿಣೆ ಸಾಲದೆಂದು ಗಂಡನ ಮನೆಯವರು ಹೊರಗೆ ಹಾಕಿದ್ದರು. ಕೌಟುಂಬಿಕ ದೌರ್ಜನ್ಯ ಕಾಯ್ದೆಯಡಿ ಜೀವನಾಂಶ ಕೇಳಿದಳು. ಒಂದು ತಾರೀಕು ಎಂದರೆ ಅವಳಿಗೆ ಒಂದು ದಿನ ಹತ್ತಿ ಬಿಡಿಸುವ ಕೂಲಿ ಹೋಯಿತು. ಬಸ್ ಚಾರ್ಜು ಬೇರೆ. ಆದರೂ ಒಂದನ್ನೂ ತಪ್ಪಿಸಿರಲಿಲ್ಲ. ಒಮ್ಮೆ ಮುಂದಿನ ತಾರೀಕನ್ನು ತಮ್ಮನ ಫೋನಿನಲ್ಲಿ ನೋಡಿಸಿದಳು. ಆ ದಿನ ಇಬ್ಬರೂ ಹೋದೆವು. ಹಿಂದಿನ ವಾರವೇ ಕೇಸು ಕೂಗಿಸಿ, ಅರ್ಜಿದಾರಳು ಗೈರು ಎಂದು ಅರ್ಜಿ ವಜಾ ಆಗಿತ್ತು. ಹಾಳೆಯಲ್ಲಿ ಬರೆದ ತಾರೀಕು ಒಂದು, ಕಂಪ್ಯೂಟರಿಗೆ ಏರಿದ್ದು ಇನ್ನೊಂದು! ಯಾವ ಕೋರ್ಟು ಎಂಬುದು ಇಲ್ಲಿ ಬೇಡ. "ಅಕ್ಕಾ, ನಾ ಎಂದೂ ತಪ್ಪಿಸಿಲ್ಲಲ್ಲ" ಎಂದು ಮೆಟ್ಟಿಲ ಮೇಲೆ ಕೂತು ಅತ್ತಳು.

ವಕೀಲರು ಫೋನಿನ ಚಿತ್ರವನ್ನು ಲಗತ್ತಿಸಿ ಅರ್ಜಿ ಕೊಟ್ಟರು. ಕೇಸು ಮತ್ತೆ ಜೀವ ಪಡೆಯಿತು. ಆದರೆ ನಾಲ್ಕು ತಿಂಗಳು ಹೋದವು. ಆ ನಾಲ್ಕು ತಿಂಗಳು ಅವಳು ಮಕ್ಕಳಿಗೆ ಸಾಲದ ಜೋಳ ತಂದು ರೊಟ್ಟಿ ಮಾಡಿದಳು. 60 ದಿನದಲ್ಲಿ ಮುಗಿಸಲು ಪ್ರಯತ್ನಿಸಬೇಕೆಂದು 2005ರ ಆ ಕಾಯ್ದೆಯೇ ಹೇಳುತ್ತದೆ.

"ಹಾಗಾದರೆ ಫೋನು ನೋಡಲೇಬಾರದೇ?" ಎಂದು ಮಾನ್ವಿಯ ಅಕ್ಕನವರು ಕೇಳಿದರು. ನೋಡಿ. 2007ರಲ್ಲಿ ಇ-ಕೋರ್ಟ್ ಯೋಜನೆ ಶುರುವಾದ ಮೇಲೆ ನಮಗೆ ಅನುಕೂಲವೂ ಆಗಿದೆ. ಆದರೆ ಅದನ್ನೇ ನಂಬಿ ಕೂರಬೇಡಿ. ಇಂಗ್ಲೆಂಡಿನಲ್ಲಿ ಅಂಚೆ ಕಚೇರಿಗಳ ಕಂಪ್ಯೂಟರು ತಪ್ಪು ಲೆಕ್ಕ ತೋರಿಸಿತು. ಕೋರ್ಟುಗಳು ಯಂತ್ರವನ್ನು ನಂಬಿದವು, ಮನುಷ್ಯರನ್ನು ನಂಬಲಿಲ್ಲ. 1999ರಿಂದ 2015ರವರೆಗೆ 900ಕ್ಕೂ ಹೆಚ್ಚು ಜನ ಅಪರಾಧಿಗಳೆನಿಸಿದರು. ಅಂಥ ನೂರಾರು ಶಿಕ್ಷೆಗಳನ್ನು ರದ್ದು ಮಾಡಲು 2024ರಲ್ಲಿ ಕಾನೂನನ್ನೇ ತರಬೇಕಾಯಿತು. ಓದಿದವರ ದೇಶದಲ್ಲೇ ಹೀಗಾದರೆ, ಹೆಬ್ಬೆಟ್ಟು ಒತ್ತುವ ನಮ್ಮ ಮಾತನ್ನು ಯಾರು ಕೇಳುತ್ತಾರೆ?

ಕೇಳುವಂತೆ ಮಾಡಬೇಕು. ಸಂಘದ ಉಳಿತಾಯವನ್ನು ನಾವು ಬಾಯಿಮಾತಿಗೆ ಬಿಡುತ್ತೇವೆಯೇ? ಇಲ್ಲ, ಪುಸ್ತಕದಲ್ಲಿ ಬರೆಸುತ್ತೇವೆ. ಕೇಸಿಗೂ ಹಾಗೇ ಮಾಡಿ. ಕೋರ್ಟಿನಿಂದ ಹೊರಡುವ ಮುಂಚೆ ಮುಂದಿನ ತಾರೀಕನ್ನು ಅಲ್ಲಿನ ಗುಮಾಸ್ತರನ್ನೇ ಕೇಳಿ ಬರೆದುಕೊಳ್ಳಿ. 16 ಅಕ್ಷರ-ಅಂಕಿಗಳ ಸಿ.ಎನ್.ಆರ್. ಸಂಖ್ಯೆಯನ್ನೂ ಬರೆದಿಡಿ. ಫೋನಿನಲ್ಲಿ ಬೇರೆ ತಾರೀಕು ಕಂಡರೆ ಅದರ ಚಿತ್ರ ತೆಗೆದಿಟ್ಟು, ಅಂದೇ ವಕೀಲರಿಗೆ ತಿಳಿಸಿ. ಈ ಕಾಯ್ದೆಯಡಿ ಆದ ಆದೇಶದ ಪ್ರತಿ ನಿಮಗೆ ಪುಕ್ಕಟೆ ಸಿಗಬೇಕು, ಕೇಳಿ ಪಡೆಯಿರಿ. ಅರ್ಜಿ ವಜಾ ಆಯಿತೆಂದು ಮನೆಗೆ ಹೋಗಿ ಕೂರಬೇಡಿ. ಮೇಲ್ಮನವಿಗೆ ಇರುವುದು 30 ದಿನ ಮಾತ್ರ. ವಕೀಲರಿಗೆ ಕೊಡಲು ದುಡ್ಡಿಲ್ಲವೇ? 1987ರ ಕಾನೂನು ಸೇವೆಗಳ ಕಾಯ್ದೆಯಂತೆ, ಆದಾಯ ಎಷ್ಟೇ ಇರಲಿ, ಹೆಣ್ಣಿಗೆ ಉಚಿತ ವಕೀಲರು ಸಿಗುತ್ತಾರೆ. ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಹೋಗಿ, ಇಲ್ಲವೇ 15100ಕ್ಕೆ ಫೋನ್ ಮಾಡಿ.

ಇನ್ನೊಂದು ಮಾತು. ಅವಳೊಬ್ಬಳನ್ನೇ ಕೋರ್ಟಿಗೆ ಕಳಿಸಬೇಡಿ. ಮುಂದಿನ ವಾರದ ಸಭೆಯಲ್ಲಿ, ನಿಮ್ಮ ಸಂಘದಲ್ಲಿ ಯಾರ ಕೇಸು ನಡೆದಿದೆಯೋ ಅವರ ತಾರೀಕನ್ನು ಸಂಘದ ಪುಸ್ತಕದಲ್ಲಿ ಬರೆಯಿರಿ. ಪಕ್ಕದಲ್ಲೇ ಅವಳ ಜೊತೆ ಹೋಗುವವರ ಹೆಸರನ್ನೂ ಬರೆಯಿರಿ.