ಬೆಂಚಿನ ಮೇಲೆ ಕುಳಿತ ಹುಡುಗ

(ಬಳ್ಳಾರಿ, ಸಿರುಗುಪ್ಪ ಹಾಗೂ ಕುರುಗೋಡಿನ ಕಿರಿಯರ ಫುಟ್ಬಾಲ್ ತರಬೇತುದಾರರು ಮತ್ತು ಪೋಷಕರ ಸಭೆಯಲ್ಲಿ ಮಾಡಿದ ಭಾಷಣ)



ಎಳೆಯ ಆಟಗಾರರನ್ನು ಹುರಿದುಂಬಿಸುವುದು ಹೇಗೆಂಬ ಪ್ರಶ್ನೆಯನ್ನು ಇಂದು ನಮ್ಮ ಮುಂದಿಡಲಾಗಿದೆ. ಪಂದ್ಯಕ್ಕೆ ಮುನ್ನ ಆವೇಶದ ಮಾತುಗಳನ್ನಾಡುವುದು, ಗೆರೆಯಾಚೆ ನಿಂತು ಗಂಟಲು ಹರಿಯುವಂತೆ ಕೂಗುವುದು, ಇಷ್ಟಾದರೆ ಸಾಕೆಂದು ನಮ್ಮಲ್ಲಿ ಹಲವರು ಭಾವಿಸಿದ್ದಾರೆ. ಹತ್ತು ವರ್ಷದ ಬಾಲಕ ಆ ಮಾತುಗಳನ್ನು ಬೂಟಿನ ದಾರ ಕಟ್ಟಿಕೊಳ್ಳುವಷ್ಟರಲ್ಲಿ ಮರೆತಿರುತ್ತಾನೆ. ಇಡೀ ಸಂಜೆಯಲ್ಲಿ ತನ್ನ ಕಾಲಿಗೆ ಚೆಂಡು ಎಷ್ಟು ಬಾರಿ ಬಂತೆಂಬುದನ್ನು ಮಾತ್ರ ಆತ ಮರೆಯಲಾರ.

ಇದನ್ನು ಚೆನ್ನಾಗಿ ಅರಿತಿದ್ದ ಓರ್ವ ಶಾಲಾ ಶಿಕ್ಷಕರು ನಮ್ಮ ನೆರೆಯ ಹೈದರಾಬಾದಿನಲ್ಲಿದ್ದರು. ಅವರೇ ಸೈಯದ್ ಅಬ್ದುಲ್ ರಹೀಂ. 1950ರಿಂದ 1963ರಲ್ಲಿ ಕ್ಯಾನ್ಸರಿನಿಂದ ನಿಧನರಾಗುವವರೆಗೆ ಅವರು ಭಾರತ ತಂಡದ ಕೋಚ್ ಆಗಿದ್ದರು. 1951 ಮತ್ತು 1962ರ ಏಷ್ಯನ್ ಕ್ರೀಡಾಕೂಟಗಳ ಚಿನ್ನ, 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನ ನಾಲ್ಕನೇ ಸ್ಥಾನ ಅವರ ಕಾಲದವು. 2024ರಲ್ಲಿ ತೆರೆಕಂಡ ‘ಮೈದಾನ್’ ಚಿತ್ರದಿಂದಾಗಿ ಇಂದಿನ ಮಕ್ಕಳಿಗೂ ಅವರ ಹೆಸರು ಗೊತ್ತು. ಆದರೆ ಆ ಪದಕಗಳಿಗಿಂತಲೂ ನಮ್ಮ ತರಬೇತುದಾರರು ಗಮನಿಸಬೇಕಾದದ್ದು ಅವರು ಎಳೆಯರಿಗಾಗಿ ಏರ್ಪಡಿಸುತ್ತಿದ್ದ ವಿಚಿತ್ರ ಪಂದ್ಯಾವಳಿಗಳನ್ನು. ಒಂದರಲ್ಲಿ ಆಟಗಾರರು ತಮ್ಮ ದುರ್ಬಲ ಕಾಲಿನಿಂದಷ್ಟೇ ಒದೆಯಬೇಕು. ಇನ್ನೊಂದರಲ್ಲಿ ಡ್ರಿಬ್ಲಿಂಗ್ ನಿಷಿದ್ಧ. ಮೊದಲನೆಯದರಲ್ಲಿ ಬಲಗಾಲಿನ ಹುಲಿಯೂ ತಡವರಿಸುತ್ತದೆ, ಹಿಂದುಳಿದವನಿಗೆ ಧೈರ್ಯ ಬರುತ್ತದೆ. ಎರಡನೆಯದರಲ್ಲಿ ಚೆಂಡನ್ನು ಜೊತೆಗಾರನಿಗೆ ಕೊಡದೆ ಗತ್ಯಂತರವಿಲ್ಲ. ಉಪದೇಶ ಸಾಧಿಸಲಾಗದ್ದನ್ನು ಆಟದ ನಿಯಮವೇ ಸಾಧಿಸಿತು.

1962ರ ಜಕಾರ್ತವನ್ನೇ ನೋಡಿ. ಮೊದಲ ಪಂದ್ಯದಲ್ಲಿ ದಕ್ಷಿಣ ಕೊರಿಯಾದೆದುರು 0-2ರ ಸೋಲು. ಥಾಯ್ಲೆಂಡ್ ವಿರುದ್ಧದ ಪಂದ್ಯದಲ್ಲಿ ಡಿಫೆಂಡರ್ ಜರ್ನೈಲ್ ಸಿಂಗ್ ಅವರ ತಲೆಗೆ ಪೆಟ್ಟು ಬಿದ್ದು ಹೊಲಿಗೆ ಹಾಕಬೇಕಾಯಿತು. ರಹೀಂ ಅವರನ್ನು ಮೂಲೆಗೆ ಸರಿಸಲಿಲ್ಲ, ಸೆಂಟರ್ ಫಾರ್ವರ್ಡ್ ಆಗಿ ಮುಂದಕ್ಕೆ ನಿಲ್ಲಿಸಿದರು. ಅದೇ ಕೊರಿಯಾವನ್ನು ಫೈನಲ್‌ನಲ್ಲಿ 2-1ರಿಂದ ಮಣಿಸಿದಾಗ ಪಿ.ಕೆ. ಬ್ಯಾನರ್ಜಿಯವರ ಜೊತೆ ಗೋಲು ಬಾರಿಸಿದವರು ಜರ್ನೈಲರೇ. ಇನ್ನೂ ಒಂದು ಸಂಗತಿಯಿದೆ. ರಹೀಂರ ಪುತ್ರ ಎಸ್.ಎಸ್. ಹಕೀಂ 1960ರ ರೋಮ್ ಒಲಿಂಪಿಕ್ಸ್ ತಂಡದಲ್ಲಿದ್ದರೂ ಅಲ್ಲಿ ಅವರಿಗೆ ಆಡುವ ಅವಕಾಶ ದೊರೆಯಲಿಲ್ಲ. (2021ರಲ್ಲಿ ನಮ್ಮ ಕಲಬುರಗಿಯಲ್ಲಿ ನಿಧನರಾದವರು ಇವರೇ.) ಜೆರ್ಸಿ ಕೊಡಿಸಿದವರ ಮಗನಿಗೆ ನಾಯಕತ್ವ ಕಟ್ಟುವ ನಮ್ಮ ಊರುಗಳ ತಂಡಗಳು ಇದನ್ನು ತುಸು ಯೋಚಿಸಲಿ. ಅನ್ಯಾಯವನ್ನು ಮಕ್ಕಳು ನಮಗಿಂತ ಬೇಗ ಗುರುತಿಸುತ್ತಾರೆ.

ಈಗ ನಮ್ಮ ಅಂಗಳಕ್ಕೆ ಬರೋಣ. ಇಪ್ಪತ್ತೆರಡು ಮಕ್ಕಳು, ಒಂದೇ ಚೆಂಡು. ಎತ್ತರದ ಇಬ್ಬರು ಅದನ್ನು ಬಿಡುವುದಿಲ್ಲ, ಉಳಿದವರು ಧೂಳು ಕುಡಿಯುತ್ತಾರೆ. ನಾಲ್ಕು ನಾಲ್ಕು ಮಂದಿಯಂತೆ ಗುಂಪು ಮಾಡಿ, ಚಪ್ಪಲಿಗಳನ್ನೇ ಗೋಲಾಗಿಟ್ಟು, ಇನ್ನೆರಡು ಅಗ್ಗದ ಚೆಂಡು ತಂದರೆ ಪ್ರತಿಯೊಬ್ಬನೂ ಆಟದೊಳಗಿರುತ್ತಾನೆ. ಬರಿದೇ ‘ಶಹಬ್ಬಾಸ್’ ಎನ್ನಬೇಡಿ. ‘ಚೆಂಡು ಬರುವ ಮೊದಲೇ ತಲೆಯೆತ್ತಿ ನೋಡಿದೆಯಲ್ಲ, ಅದು ಸರಿ’ ಎನ್ನಿ. ಆತ ನಾಳೆಯೂ ನೋಡುತ್ತಾನೆ. ತಪ್ಪಿದ್ದರೆ ಬದಿಗೆ ಕರೆದು ಹೇಳಿ, ತಂದೆಯ ಮುಂದೆ ಬೇಡ. ನಮ್ಮ ಬೇಸಿಗೆ 40 ಡಿಗ್ರಿ ದಾಟುತ್ತದೆ. ಆಗ ಬೆಳಗಿನ ಹೊತ್ತೇ ಲೇಸು, ನೀರು ಕೇಳಿದವನನ್ನು ಹೀಯಾಳಿಸುವುದು ಮೂರ್ಖತನ.

ನಮ್ಮದೇ ಜಿಲ್ಲೆಯ ತೋರಣಗಲ್ಲು ಸಮೀಪ 2018ರಲ್ಲಿ ಇನ್‌ಸ್ಪೈರ್ ಇನ್‌ಸ್ಟಿಟ್ಯೂಟ್ ಆಫ್ ಸ್ಪೋರ್ಟ್ ಆರಂಭವಾಯಿತು. ಬೆಂಗಳೂರು ಎಫ್‌ಸಿಯ ವಸತಿ ಅಕಾಡೆಮಿಯೂ ಅಲ್ಲಿ ನೆಲೆ ಕಂಡಿತು. ಪೋಷಕರು ಆ ಕನಸು ಕಾಣುವುದು ಸಹಜ. ಆದರೆ ಅಂತಹ ಕಡೆ ಆಯ್ಕೆಯಾಗುವವರು ಬೆರಳೆಣಿಕೆಯಷ್ಟು. ನಮ್ಮ ಚಿಂತೆ ಆಯ್ಕೆಯಾಗದವನದು. ಮೂರು ಪಂದ್ಯ ಬೆಂಚಿನಲ್ಲೇ ಕುಳಿತ ಹದಿಮೂರರ ಹುಡುಗ ನಾಲ್ಕನೆಯದಕ್ಕೆ ಬರುವುದಿಲ್ಲ. ಕೌಲ್ ಬಜಾರಿನವನಾದರೆ ಜೀನ್ಸ್ ಹೊಲಿಗೆಯ ಕೆಲಸ ಕೈ ಬೀಸಿ ಕರೆಯುತ್ತದೆ, ಸಿರುಗುಪ್ಪದವನಾದರೆ ಭತ್ತದ ಗದ್ದೆ. ಅಂಗಳ ಬಿಟ್ಟವನು ಕೆಲವೊಮ್ಮೆ ಶಾಲೆಯನ್ನೂ ಬಿಡುತ್ತಾನೆ. ಆದ್ದರಿಂದ ಹಾಜರಿಯ ಪುಸ್ತಕವೊಂದಿರಲಿ. ಎರಡು ವಾರ ಕಾಣದವನ ಮನೆಗೆ ಕೋಚ್ ಹೋಗಿ, ತಾಯಿಯೊಂದಿಗೆ ಮಾತಾಡಿ ಬರಲಿ. ಪರೀಕ್ಷೆಯ ತಿಂಗಳಲ್ಲಿ ಅಭ್ಯಾಸವನ್ನು ಅರ್ಧ ಗಂಟೆಗೆ ಇಳಿಸಿ. ಪೂರ್ತಿ ನಿಲ್ಲಿಸಿದರೆ ಓದೂ ಸಾಗದು, ಆಟವೂ ಉಳಿಯದು.

ಹೆಣ್ಮಕ್ಕಳ ಮಾತು ಉಳಿಯಿತು. ತಲೆವಸ್ತ್ರದ ನೆಪ ಇನ್ನು ಸಲ್ಲದು. 2014ರಲ್ಲಿಯೇ ಅಂತಾರಾಷ್ಟ್ರೀಯ ಫುಟ್ಬಾಲ್ ಅದಕ್ಕೆ ಅನುಮತಿ ನೀಡಿದೆ. ತಮ್ಮಂದಿರ ಆಟವನ್ನು ಗೋಡೆಯಾಚೆಯಿಂದ ನೋಡುವ ಆ ಹುಡುಗಿಯರಿಗೆ ಯಾವ ಅಂಗಳ, ಯಾವ ಹೊತ್ತು ಕೊಡುತ್ತೇವೆಂಬುದನ್ನು ಈ ಸಭೆ ಮುಗಿಯುವುದರೊಳಗೆ ನಾವು ತೀರ್ಮಾನಿಸೋಣ.