ಖಾತೆ ಮುಚ್ಚಿತು, ಸಾಲ ಮುಗಿಯಿತೇ?



ತಮ್ಮ ಕ್ರೆಡಿಟ್ ಕಾರ್ಡ್ ಖಾತೆಯನ್ನು ಶಾಶ್ವತವಾಗಿ ಮುಚ್ಚಲಾಗಿದೆ ಎಂಬ ಪತ್ರ ಬಂದರೆ ನಮ್ಮಲ್ಲಿ ಹೆಚ್ಚಿನವರು ಏನೆಂದು ತಿಳಿಯುತ್ತಾರೆ? ಹೊರೆ ಇಳಿಯಿತೆಂದು. ನನ್ನ ಪರಿಚಯದ ಬಟ್ಟೆ ವ್ಯಾಪಾರಿಯೊಬ್ಬರೂ ಹಾಗೆಯೇ ತಿಳಿದಿದ್ದರು. ವ್ಯಾಪಾರ ಕುಸಿದು ಅವರು ಹಣ ಕಟ್ಟದಾದಾಗ ಬ್ಯಾಂಕು ಖಾತೆ ಮುಚ್ಚಿತು. ಕ್ರಮೇಣ ಫೋನ್ ಕರೆಗಳೂ ನಿಂತವು. ವರ್ಷಗಳ ಬಳಿಕ ಮಗಳ ಕಾಲೇಜು ಶುಲ್ಕಕ್ಕಾಗಿ ಇನ್ನೊಂದು ಬ್ಯಾಂಕಿನ ಮೆಟ್ಟಿಲು ಹತ್ತಿದಾಗ ಆ ಹಳೆಯ ಬಾಕಿ ಅಲ್ಲಿನ ಕಂಪ್ಯೂಟರಿನ ಪರದೆಯ ಮೇಲೆ ಪ್ರತ್ಯಕ್ಷವಾಯಿತು.

ಬಡ್ಡಿಯ ಕುರಿತಾದ ನಮ್ಮ ನಿಲುವು ತಮಗೆ ತಿಳಿದೇ ಇದೆ, ಇಂದು ಆ ಚರ್ಚೆಗೆ ಹೋಗುವುದಿಲ್ಲ. ಈಗಾಗಲೇ ಸಾಲದೊಳಗೆ ಸಿಲುಕಿರುವ ಕುಟುಂಬಗಳಿಗಾಗಿ ಈ ಮಾತು.

ಖಾತೆ ಮುಚ್ಚುವುದೆಂದರೆ ಇನ್ನು ಮುಂದೆ ಸಾಲ ಕೊಡುವುದಿಲ್ಲ ಎಂದಷ್ಟೇ ಅರ್ಥ. ಕೊಟ್ಟ ಸಾಲ ಹಾಗೆಯೇ ಉಳಿಯುತ್ತದೆ. ಸಿಬಿಲ್‌ನಂತಹ ಸಂಸ್ಥೆಗಳ ವರದಿಯಲ್ಲಿ ಮೂರು ಪದಗಳನ್ನು ಕಾಣಬಹುದು. 'ಕ್ಲೋಸ್ಡ್' ಎಂದಿದ್ದು ಬಾಕಿ ಸೊನ್ನೆಯಾಗಿದ್ದರೆ ಸಾಲ ತೀರಿದೆ. 'ಸೆಟಲ್ಡ್' ಎಂದರೆ ಪೂರ್ತಿ ತೀರಿಸಲಿಲ್ಲ, ಬ್ಯಾಂಕು ಕಡಿಮೆ ಮೊತ್ತಕ್ಕೆ ಒಪ್ಪಿಕೊಂಡಿತು ಎಂದರ್ಥ. ಮುಂದೆ ಸಾಲ ಕೊಡುವವರು ಇದನ್ನು ಕಳಂಕವೆಂದೇ ಓದುತ್ತಾರೆ. 'ರೈಟ್ ಆಫ್' ಎಂಬುದು ಎಲ್ಲಕ್ಕಿಂತ ಹೆಚ್ಚು ಮೋಸಗೊಳಿಸುವ ಪದ. ಬ್ಯಾಂಕು ತನ್ನ ಲೆಕ್ಕಪುಸ್ತಕವನ್ನು ಶುಚಿಗೊಳಿಸಿಕೊಂಡಿದೆಯೇ ಹೊರತು ತಮ್ಮ ಸಾಲವನ್ನು ಮನ್ನಾ ಮಾಡಿಲ್ಲ. 2022ರ ಡಿಸೆಂಬರ್‌ನಲ್ಲಿ ಹಣಕಾಸು ಸಚಿವೆ ನಿರ್ಮಲಾ ಸೀತಾರಾಮನ್ ರಾಜ್ಯಸಭೆಯಲ್ಲಿ, ಬ್ಯಾಂಕುಗಳು ಐದು ವರ್ಷಗಳಲ್ಲಿ 10 ಲಕ್ಷ ಕೋಟಿ ರೂಪಾಯಿಗೂ ಅಧಿಕ ಸಾಲವನ್ನು ಹೀಗೆ ರೈಟ್ ಆಫ್ ಮಾಡಿವೆ, ಆದರೂ ಸಾಲಗಾರರ ಹೊಣೆ ತಪ್ಪುವುದಿಲ್ಲ ಎಂದು ತಿಳಿಸಿದ್ದರು. ದೊಡ್ಡ ಉದ್ಯಮಿಗಳ ವಿಷಯದಲ್ಲಿ ಆ ಹೊಣೆ ಎಷ್ಟು ಬಿಗಿಯಾಗಿದೆಯೋ ನಾನರಿಯೆ! ಬಟ್ಟೆ ವ್ಯಾಪಾರಿಯ ವಿಷಯದಲ್ಲಂತೂ ಬಿಗಿಯಾಗಿಯೇ ಇತ್ತು.

ತಾವಾಗಿಯೇ ಕಾರ್ಡ್ ಮುಚ್ಚಲು ಬಯಸುವವರಿಗೆ ನಿಯಮ ಅನುಕೂಲವಾಗಿದೆ. ರಿಸರ್ವ್ ಬ್ಯಾಂಕ್ 2022ರಲ್ಲಿ ಹೊರಡಿಸಿದ ನಿರ್ದೇಶನದ ಪ್ರಕಾರ, ಬಾಕಿಯೆಲ್ಲ ತೀರಿದ್ದರೆ ಅರ್ಜಿ ಕೊಟ್ಟ 7 ಕೆಲಸದ ದಿನಗಳೊಳಗೆ ಖಾತೆ ಮುಚ್ಚಬೇಕು. ತಡವಾದರೆ ದಿನಕ್ಕೆ 500 ರೂಪಾಯಿಯನ್ನು ಬ್ಯಾಂಕೇ ಗ್ರಾಹಕರಿಗೆ ತೆರಬೇಕು. ಒಂದು ವರ್ಷಕ್ಕೂ ಮೇಲ್ಪಟ್ಟು ಬಳಸದ ಕಾರ್ಡಿನ ಬಗ್ಗೆ ಬ್ಯಾಂಕು ತಿಳಿಸಿ, 30 ದಿನಗಳಲ್ಲಿ ಉತ್ತರ ಬಾರದಿದ್ದರೆ ತಾನೇ ಮುಚ್ಚಬೇಕು. ಅಲ್ಲಿಯೂ ಬಾಕಿ ತೀರಿರಬೇಕು ಎಂಬ ಷರತ್ತಿದೆ. ಕಾರ್ಡನ್ನು ಕತ್ತರಿಸಿ ಎಸೆದರೆ ಖಾತೆ ಮುಚ್ಚಿದಂತಾಗುವುದಿಲ್ಲ. ವಾರ್ಷಿಕ ಶುಲ್ಕವೂ ತಿಂಗಳು ತಿಂಗಳು ತಾನಾಗಿ ಕಡಿತವಾಗುವ ಮೊತ್ತಗಳೂ ಸದ್ದಿಲ್ಲದೆ ಬೆಳೆಯುತ್ತಿರುತ್ತವೆ.

ಕುರ್‌ಆನಿನ ಅತ್ಯಂತ ದೀರ್ಘ ಸೂಕ್ತವು ಸಾಲವನ್ನು ಬರೆದಿಡುವ ಕುರಿತಾದುದು ಎಂಬುದು ತಮಗೆ ಗೊತ್ತು. ಸಾಲ ಪಡೆಯುವಾಗ ಹತ್ತು ಕಡೆ ಸಹಿ ಹಾಕುವ ನಾವು ತೀರಿಸಿದಾಗ ಒಂದು ಚೀಟಿಯನ್ನೂ ಕೇಳುವುದಿಲ್ಲ. ಬಾಕಿ ಇಲ್ಲವೆಂಬ ಪತ್ರವನ್ನು ಬ್ಯಾಂಕಿನಿಂದ ಪಡೆಯಿರಿ. ತಿಂಗಳೆರಡು ಕಳೆದ ಮೇಲೆ ಸಿಬಿಲ್ ವರದಿ ತೆಗೆದು ನೋಡಿರಿ, ವರ್ಷಕ್ಕೊಮ್ಮೆ ಅದು ಉಚಿತ. ತಪ್ಪಿದ್ದರೆ ದೂರು ಕೊಡಿರಿ.

ಆ ವ್ಯಾಪಾರಿ ಮೊದಲು ಅರ್ಧ ಹಣ ಕೊಟ್ಟು ರಾಜಿ ಮಾಡಿಕೊಂಡರು. ವರದಿಯಲ್ಲಿ 'ಸೆಟಲ್ಡ್' ಎಂದು ದಾಖಲಾಯಿತು. ಅದನ್ನು ಅಳಿಸುವುದು ಹೇಗೆಂದು ಕೇಳಿದಾಗ, ಉಳಿದರ್ಧವನ್ನೂ ಕಟ್ಟಿರೆಂದು ಬ್ಯಾಂಕು ಹೇಳಿತು. ಅಷ್ಟರಲ್ಲಿ ಕಾಲೇಜಿನ ಪ್ರವೇಶದ ದಿನಾಂಕ ಮುಗಿದಿತ್ತು. ಮಗಳು ಒಂದು ವರ್ಷ ಅಂಗಡಿಯಲ್ಲಿ ತಂದೆಯ ಲೆಕ್ಕ ಬರೆದಳು. ಈಗ ಅವರ ಮನೆಯ ಪ್ರತಿಯೊಂದು ರಸೀದಿಯನ್ನು ಜೋಪಾನವಾಗಿ ಇಡುವವಳು ಅವಳೇ.