ನರ್ಸರಿ ನೋಡಲು ಹೊರಟಿದ್ದೀರಾ?

ಮುಂಬಯಿಯಲ್ಲಿ ಮಗುವಿಗೆ ನರ್ಸರಿ ಹುಡುಕುವವರು ಮೊದಲು ವಿಚಾರಿಸುವುದು ಶಾಲೆಯ ಹೆಸರು, ಆಮೇಲೆ ಫೀಸು. ಗೋಡೆಯ ಮೇಲಿನ ಮಿಕ್ಕಿ ಮೌಸ್ ಚಿತ್ರಕ್ಕೆ ಮರುಳಾಗುವವರೂ ಉಂಟು. ನೀವು ಶೌಚಾಲಯ ನೋಡಿ. ನೆಲ ಒಣಗಿದೆಯೇ, ನಲ್ಲಿ ಮಗುವಿನ ಕೈಗೆ ಎಟುಕುತ್ತದೆಯೇ? ಮಕ್ಕಳನ್ನು ಅಲ್ಲಿಗೆ ಕರೆದೊಯ್ಯುವ ಆಯಾ ಯಾರು? ಟೀಚರಿಗಿಂತ ಆಕೆಯೊಡನೆ ಐದು ನಿಮಿಷ ಹೆಚ್ಚು ಮಾತಾಡಿ.

ನಮ್ಮ ಮಕ್ಕಳಿಗೆ ಇನ್ನೊಂದು ತೊಡಕಿದೆ. ಮನೆಯಲ್ಲಿ ಕನ್ನಡವನ್ನಷ್ಟೇ ಕೇಳಿ ಬೆಳೆದ ಮಗು ‘ಒಂದಕ್ಕೆ ಬಂತು’ ಎಂದರೆ ಅಲ್ಲಿ ಯಾರಿಗೂ ಅರ್ಥವಾಗದು. ಚಡ್ಡಿ ಒದ್ದೆಯಾಗುತ್ತದೆ, ಉಳಿದವರು ನಗುತ್ತಾರೆ, ಮರುದಿನ ಗೇಟಿನಲ್ಲೇ ಅಳು ಶುರು. ಇದಕ್ಕೆ ‘ಮನೆಯಲ್ಲೂ ಇಂಗ್ಲಿಷ್ ಮಾತಾಡಿ’ ಎಂದು ಸಲಹೆ ಕೊಡುವ ಶಾಲೆ ನನಗಂತೂ ಬೇಡ. ನೀರು, ಹಸಿವು, ಹೊಟ್ಟೆನೋವು, ಒಂದಕ್ಕೆ, ಅಮ್ಮ ಬೇಕು – ಇಷ್ಟನ್ನು ದೇವನಾಗರಿಯಲ್ಲಿ ಬರೆದು, ಅರ್ಥಸಮೇತ ಟೀಚರ ಕೈಗೆ ಕೊಡಿ. ಆ ಚೀಟಿಯನ್ನು ಅವರು ಓದಿ ನೋಡುತ್ತಾರೋ, ಪರ್ಸಿಗೆ ತುರುಕುತ್ತಾರೋ ಗಮನಿಸಿ.

3ರಿಂದ 6 ವರ್ಷದವರ ಕಲಿಕೆ ಮುಖ್ಯವಾಗಿ ಆಟದ ಮೂಲಕ ನಡೆಯಬೇಕೆಂದು 2020ರ ರಾಷ್ಟ್ರೀಯ ಶಿಕ್ಷಣ ನೀತಿಯೇ ಹೇಳಿದೆ. ಮೂರು ವರ್ಷಕ್ಕೇ ಹೋಂವರ್ಕ್ ಕೊಡುವ ಕಡೆ ಫಾರಂ ತುಂಬಬೇಡಿ. ಹಾಗೆಯೇ, ಒಂದು ದಿನ ಶಾಲೆ ಬಿಡುವ ಹೊತ್ತಿಗೆ ಗೇಟಿನ ಹೊರಗೆ ನಿಂತು, ಮಕ್ಕಳನ್ನು ಯಾರ ಕೈಗೆ ಒಪ್ಪಿಸುತ್ತಾರೆ, ಗುರುತು ಕೇಳುತ್ತಾರೆಯೇ, ನೋಡಿಕೊಂಡು ಬನ್ನಿ.